ಮೂರು ದಿನ ಹಿಂದಿನ ಬೆಳಕು

ಮಧ್ಯಾಹ್ನ ಹನ್ನೆರಡಕ್ಕೆ, ಗದಗಿನ ಬಿಸಿಲು ಸರಿಯಾಗಿ ನೆತ್ತಿಯ ಮೇಲೆ ಬಂದು ನಿಂತ ಹೊತ್ತಿಗೆ, ವತ್ಸಲಾ ಹದಿನೆಂಟು ಮೆಟ್ಟಿಲು ಇಳಿದು ಕತ್ತಲೆಯೊಳಗೆ ಹೋಗುತ್ತಿದ್ದಳು. ಹಿಂದೆ ಅದು ಹತ್ತಿ ಗಿರಣಿಯ ನೆಲಮಾಳಿಗೆ, ಅರಳೆ ತುಂಬಿಡುತ್ತಿದ್ದ ಜಾಗ. ಗಿರಣಿ ನಿಂತು ಎಷ್ಟೋ ಕಾಲವಾದ ಮೇಲೂ ಗೋಡೆಯ ಸಂದಿನಿಂದ ಆಗಾಗ ಒಂದು ಎಳೆ ಹೊರಬಂದು, ತುಸು ಹೊತ್ತು ತೇಲಿ, ಯಾರ ಭುಜದ ಮೇಲೂ ಇಳಿಯದೆ ಮಾಯವಾಗುತ್ತಿತ್ತು. ಈಗ ಊರವರು ಅದನ್ನು ಬೆಳಕಿನ ಕೋಣೆ ಎನ್ನುತ್ತಾರೆ.

ಅಲ್ಲಿ ಅವಳ ಕೆಲಸ ನೋಡುವುದು. ಬರೀ ನೋಡುವುದು.

ಬೆಳಿಗ್ಗೆ ಆರಕ್ಕೆ ಮೇಲಿನ ಅಂತಸ್ತಿನಲ್ಲಿ ಬಸುರಿಯರ ತೋಳಿನಿಂದ ಒಂದೊಂದು ಚಮಚೆಯಷ್ಟು ರಕ್ತ ತೆಗೆಯುತ್ತಿದ್ದರು. ಆ ರಕ್ತದಲ್ಲಿ ತಾಯಿಯದಲ್ಲದ ಕೆಲವು ಚೂರುಗಳು ತೇಲುತ್ತಿರುತ್ತವೆ. ಹೊಟ್ಟೆಯೊಳಗಿನ ಎಳ್ಳುಕಾಳಿನಷ್ಟು ಜೀವದಲ್ಲಿ ಈ ಗಳಿಗೆ ಯಾವ ಜೀನು ಎಚ್ಚರವಾಗಿದೆ, ಯಾವುದು ಇನ್ನೂ ಮಲಗಿದೆ ಎಂದು ಹೇಳುವ ಹರಿದ ಚೀಟಿಗಳು ಅವು. ಯಂತ್ರ ಆರು ತಾಸು ಕೂತು ಆ ಚೀಟಿಗಳನ್ನು ಒಂದಕ್ಕೊಂದು ಜೋಡಿಸಿ, ಹನ್ನೆರಡಕ್ಕೆ ಚಿತ್ರವನ್ನಾಗಿ ಮಾಡಿ ಕೆಳಗಿನ ಗೋಡೆಗೆ ಕಳಿಸುತ್ತಿತ್ತು. ನಿಜವಾಗಿ ಅದು ಹಿಡಿದದ್ದು ಒಂದೇ ಒಂದು ಗಳಿಗೆ. ಅದರ ಹಿಂದಿನ, ಮುಂದಿನ ಚಲನೆಯನ್ನು ಅದು ಊಹಿಸಿ ತುಂಬುತ್ತಿತ್ತು. ಆದರೂ ಗೋಡೆಯ ಮುಂದೆ ಕೂತವರಿಗೆ ಅದು ಊಹೆ ಎನ್ನುವುದು ಮರೆತೇ ಹೋಗುತ್ತಿತ್ತು.

ಮೊದಲು ಒಂದು ಹಾಳೆ, ವೀಳ್ಯದೆಲೆಯಷ್ಟು ತೆಳುವು. ನಡುನರದ ಗುಂಟ ಅದು ಕುಗ್ಗುತ್ತದೆ, ಅಂಚುಗಳು ಏಳುತ್ತವೆ, ಕಾಣದ ಕೈಯೊಂದು ಎಲೆ ಮಡಚುವಂತೆ ಮಡಚುತ್ತದೆ. ಕೊನೆಗೆ ಎರಡು ಅಂಚುಗಳು ಕೂಡಿ ಒಂದು ಕೊಳವೆಯಾಗುತ್ತದೆ. ಆ ಕೊಳವೆಯೇ ಮುಂದೆ ಮಿದುಳು, ಅದೇ ಬೆನ್ನುಹುರಿ. ಮುಂದೊಂದು ದಿನ ಅದು ಸಿಟ್ಟಾಗುತ್ತದೆ, ಸಂತೆಯಲ್ಲಿ ಚೌಕಾಸಿ ಮಾಡುತ್ತದೆ, ಸತ್ತವರನ್ನು ನೆನೆಯುತ್ತದೆ. ಸದ್ಯಕ್ಕೆ ಅದರೊಳಗೆ ಬೆಳಕುಗಳು ಹತ್ತುತ್ತಿವೆ, ಅಷ್ಟೆ.

ಎಲ್ಲ ಕೋಶಗಳ ಹತ್ತಿರ ಇರುವುದು ಒಂದೇ ಪುಸ್ತಕ. ಆದರೆ ಯಾರು ಯಾವ ಪುಟ ತೆರೆಯಬೇಕು, ಅದಕ್ಕಿಂತ ಹೆಚ್ಚಾಗಿ ಯಾವ ಪುಟ ತೆರೆಯಬಾರದು ಎಂಬುದರಲ್ಲೇ ಎಲ್ಲ ಇದೆ. ಹೊಸ ಹುಡುಗಿಯರಿಗೆ ವತ್ಸಲಾ ಇದನ್ನು ಅಡುಗೆಮನೆಯಿಂದ ಹೇಳಿಕೊಡುತ್ತಿದ್ದಳು. "ಒಗ್ಗರಣಿ ಹಾಕಿದ್ರ ಒಲಿ ಮುಂದಿದ್ದಾಕಿ ಸೀನ್ತಾಳ, ಪಡಸಾಲ್ಯಾಗಿದ್ದಾಂವಗ ಹಸಿವಾಕ್ಕೈತಿ, ಓಣ್ಯಾಗ ಹೋಗಾಂವ ಬರೀ ಹೊಳ್ಳಿ ನೋಡ್ತಾನ. ವಾಸನಿ ಒಂದ. ಎಷ್ಟು ಬಂತು, ಎಷ್ಟು ಹೊತ್ತು ಬಂತು ಅನ್ನೂದರ ಮ್ಯಾಲೆ ಯಾರು ಏನಾಗಬೇಕು ಅಂತ ಆಗತೈತಿ." ಕೊಳವೆಯ ತಳದಿಂದ ಅಂಥದ್ದೊಂದು ವಾಸನೆ ಏಳುತ್ತದೆ. ಹತ್ತಿರದ ಕೋಶ ಕೈಕಾಲು ಆಡಿಸುವ ನರವಾಗುತ್ತದೆ, ದೂರದ್ದು ಚಳಿ ಬಿಸಿಲು ಅರಿಯುವ ನರವಾಗುತ್ತದೆ. ಜೀನು ಒಂದು ಕಡೆ, ಅದನ್ನು ಹಚ್ಚುವ ಗುಂಡಿ ಅದೇ ಎಳೆಯ ಮೇಲೆ ಎಷ್ಟೋ ದೂರದಲ್ಲಿ. ಎಳೆ ಬಳುಕಿ ಕುಣಿಕೆಯಾಗಿ, ದೂರದ ಗುಂಡಿ ಬಂದು ಜೀನನ್ನು ಮುಟ್ಟಿದ ಕೂಡಲೇ ಗೋಡೆಯ ಮೇಲೆ ಒಂದು ಚುಕ್ಕೆ ಹತ್ತುತ್ತದೆ.

ಆ ದಿನ ವತ್ಸಲಾ ನೋಡುತ್ತಿದ್ದದ್ದು ನಾಲ್ಕುನೂರ ಹದಿನೇಳನ್ನು. ಹೆಸರು ಇರುತ್ತಿರಲಿಲ್ಲ, ಸಂಖ್ಯೆ ಮಾತ್ರ. ಆ ಕೊಳವೆಯ ಬೆಳಕು ಯಾಕೋ ಬಹಳ ಸಮಾಧಾನದ್ದಾಗಿತ್ತು. ನೀಲಿ ಮೊದಲು ತಳದಲ್ಲಿ ಹತ್ತಿ, ಸ್ವಲ್ಪ ತಡೆದು, ಏನನ್ನೋ ಯೋಚಿಸಿ, ಮೇಲಿನ ಹಳದಿಯನ್ನು ಕರೆಯುತ್ತಿತ್ತು. ಸಂಜೆ ಮನೆಮನೆಯಲ್ಲಿ ಒಬ್ಬರ ದೀಪ ನೋಡಿ ಇನ್ನೊಬ್ಬರು ದೀಪ ಹಚ್ಚಿದ ಹಾಗೆ. ಅವಳು ಬೇಕಾದದ್ದಕ್ಕಿಂತ ಐದು ನಿಮಿಷ ಹೆಚ್ಚೇ ನೋಡುತ್ತ ಕೂತಳು. ಆಮೇಲೆ ಕಾಗದದ ಮೇಲೆ ಬರೆಸಿದ್ದ, ಗರ್ಭ ನಿಂತ ತಾರೀಖು ನೋಡಿದಳು.

ಕಾಗದದ ಲೆಕ್ಕಕ್ಕೆ ಇದು ಇಪ್ಪತ್ತೈದು ದಿನದ ಜೀವ. ಗೋಡೆಯ ಮೇಲಿನ ಬೆಳಕು ಇಪ್ಪತ್ತೆರಡು ದಿನದ್ದು.

ಅವಳು ಬರೆದಳು: ನಿಧಾನ. ಸೂಜಿ ಕೊಡಿ.

ಚುರುಕು ಸೂಜಿ ಬಂದು ಐದು ವರ್ಷವಾಗಿತ್ತು. ಕೋಶದೊಳಗೆ ಜೀನು ಕಳಿಸಿದ ಹಳೆಯ ಸಂದೇಶ ಅಳಿಯದೆ ಹೊಸದು ಬರುವುದಿಲ್ಲ. ಕೆಲವು ಜೀವಗಳಲ್ಲಿ ಅಳಿಯುವುದೇ ತಡ, ಹಾಗಾಗಿ ಎಲ್ಲವೂ ತಡ. ಅಂಥ ಕೊಳವೆ ಹೊತ್ತಿಗೆ ಸರಿಯಾಗಿ ಮುಚ್ಚದೆ ಬೆನ್ನು ತೆರೆದ ಕೂಸು ಹುಟ್ಟುವ ಭಯ ಇರುತ್ತದೆ. ಸೂಜಿ ಹಳೆಯ ಸಂದೇಶಗಳನ್ನು ಬೇಗಬೇಗ ಅಳಿಸುತ್ತಿತ್ತು. ಅಂಚುಗಳು ಕೂಡಲು ಶುರುವಾಗುವ ಮೊದಲೇ ಕೊಡಬೇಕು, ತಡವಾದರೆ ಕೊಟ್ಟೂ ಉಪಯೋಗವಿಲ್ಲ. ಬೇರೆ ಊರುಗಳ ಕೇಂದ್ರಗಳಲ್ಲಿ ವರ್ಷಕ್ಕೆ ಮೂರೋ ನಾಲ್ಕೋ ನಿಧಾನದ ಜೀವ ಸಿಗುತ್ತಿದ್ದವು. ಈ ಊರಲ್ಲಿ ಐದು ವರ್ಷಕ್ಕೆ ಇನ್ನೂರ ಹನ್ನೆರಡು. ತಜ್ಞರು ಬಂದು ನೀರು ಒಯ್ದಿದ್ದರು, ಜೋಳ ಒಯ್ದಿದ್ದರು, ಮಣ್ಣು ಒಯ್ದಿದ್ದರು. ಏನೂ ಸಿಕ್ಕಿರಲಿಲ್ಲ.

ಇನ್ನೂರ ಹನ್ನೆರಡರಲ್ಲಿ ಒಬ್ಬಳು ವತ್ಸಲಾಳ ಮಗಳು ಮುಕ್ತಾ.

*

ಸಂಜೆ ವತ್ಸಲಾ ಮನೆಗೆ ಬಂದಾಗ ಮುಕ್ತಾ ಅಡುಗೆಮನೆಯ ಗಡಿಯಾರದ ಕೆಳಗೆ ಸ್ಟೂಲು ಹಾಕಿಕೊಂಡು ನಿಂತಿದ್ದಳು. ನಾಲ್ಕು ವರ್ಷದ ಹುಡುಗಿ. ಅವ್ವನ ಕೈಗಡಿಯಾರ ಬಿಚ್ಚಿಸಿಕೊಂಡು ಎರಡನ್ನೂ ಹೋಲಿಸುವುದು ಅವಳ ದಿನದ ಪಂಚಾಯ್ತಿ.

"ಆಯೀ, ನಿನ್ನ ಗಡಿಯಾರ ಇವತ್ತೂ ಸುಳ್ಳು ಹೇಳಾಕತ್ತೈತಿ. ಹತ್ತು ನಿಮಿಷ ಮುಂದ."

ಆಯಿ, ಅಂದರೆ ವತ್ಸಲಾಳ ತಾಯಿ ಶಿವಲೀಲವ್ವ, ರೊಟ್ಟಿ ಬಡಿಯುತ್ತಲೇ ಹೇಳಿದಳು: "ಹೇಳವಲ್ದ್ಯಾಕ. ಅದು ಸುಳ್ಳು ಹೇಳಿದ್ದಕ್ಕ ನಿಮ್ಮವ್ವಗ ದಿನಾ ಬಸ್ಸು ಸಿಗತೈತಿ."

ಮುಕ್ತಾ ಎಂಟು ತಿಂಗಳಿಗೇ ಗೋಡೆ ಹಿಡಿಯದೆ ನಡೆದವಳು, ಎರಡು ವರ್ಷಕ್ಕೆ ಬಸ್ಸಿನ ಬೋರ್ಡು ಓದಿದವಳು. ಬಿದ್ದರೆ ಎರಡು ಸಲ ಅತ್ತು ಮರೆಯುತ್ತಿದ್ದಳು. ಕಥೆ ಹೇಳಲು ಕೂತರೆ ಎರಡನೆಯ ಮಾತಿಗೇ "ಆಮ್ಯಾಲೆ?" ಎನ್ನುತ್ತಿದ್ದಳು. ರಾಜ ಇನ್ನೂ ಕುದುರೆ ಹತ್ತಿರುವುದಿಲ್ಲ, ಅಷ್ಟರಲ್ಲಿ ಅವಳಿಗೆ ಅವನು ಊರು ಮುಟ್ಟಿರಬೇಕು. ಅವಳಪ್ಪ ಕಪ್ಪತಗುಡ್ಡದ ಗಾಳಿಯಂತ್ರಗಳಲ್ಲಿ ಮೆಕ್ಯಾನಿಕ್, ಮನೆಗೆ ಬರುವುದು ರವಿವಾರ ಮಾತ್ರ. "ನನ್ನ ಮಗಳು ನನ್ನ ಮಿಷನ್ನಿಗಿಂತ ಜೋರು" ಎಂದು ಗೆಳೆಯರ ಮುಂದೆ ಹೇಳಿಕೊಳ್ಳುತ್ತಿದ್ದ. ಒಂದು ದಿನ ಅಂಗನವಾಡಿಯಿಂದ ಬಂದು ಅವಳು ಕೇಳಿದ್ದಳು: "ಅವ್ವಾ, ಕನಸು ಅಂದ್ರ ಏನು? ಎಲ್ಲಾರೂ ಹೇಳಿದ್ರು. ನನ್ನ ಹತ್ರ ಇರಲಿಲ್ಲ." ವತ್ಸಲಾ ಆ ಮಾತನ್ನು ಯಾರಿಗೂ ಹೇಳಿರಲಿಲ್ಲ.

ಊಟಕ್ಕೆ ಕೂತಾಗ ತಮ್ಮನ ಹೆಂಡತಿ ಸುವರ್ಣಾ ಮೆಲ್ಲಗೆ ಮೊಬೈಲು ಮುಂದೆ ಹಿಡಿದಳು. "ಅಕ್ಕಾರ, ಇದನ್ನೊಂದೀಟು ನೋಡ್ರಿ. ನಿಮ್ಮ ಕೇಂದ್ರದ್ದ."

ಸಂದೇಶದಲ್ಲಿ ಹೀಗಿತ್ತು: ಕ್ರಮ ಸಂಖ್ಯೆ ೪೧೭. ನಾಳೆ ಮಧ್ಯಾಹ್ನ ಎರಡರೊಳಗೆ ಸೂಜಿಗೆ ಬರಬೇಕು.

ವತ್ಸಲಾ ಸಂಖ್ಯೆಯನ್ನು ಇನ್ನೊಮ್ಮೆ ಓದಿದಳು. ಬೆಳಿಗ್ಗೆ ನಲವತ್ತು ಹೆಂಗಸರು ರಕ್ತ ಕೊಟ್ಟಿದ್ದರು. ಅವರಲ್ಲಿ ಸುವರ್ಣಾ ಇದ್ದಳು ಎಂಬುದು ಅವಳಿಗೆ ಗೊತ್ತಿತ್ತು. ಆ ಸಮಾಧಾನದ ಬೆಳಕು ಇದೇ ಮನೆಯದು, ಇದೇ ಗೋಡೆಗೆ ಒರಗಿ ಕೂತವಳ ಹೊಟ್ಟೆಯಲ್ಲಿ ಈಗಲೂ ಒಂದೊಂದೇ ಹತ್ತುತ್ತಿದೆ ಎಂಬುದು ಗೊತ್ತಿರಲಿಲ್ಲ.

"ನಾನ ಬರದೀನಿ ಸುವರ್ಣಾ," ಎಂದಳು. "ನಿಂದು ಅಂತ ಗೊತ್ತಿರಲಿಲ್ಲ."

ಸುವರ್ಣಾ ಅಳಲಿಲ್ಲ. ಬದಲಿಗೆ ನಿಟ್ಟುಸಿರು ಬಿಟ್ಟಳು. "ಬರದದ್ದು ಚಲೋ ಆತು ಬಿಡ್ರಿ. ಸೂಜಿ ಹಾಕಿಸಿದ್ರಾತು. ಮುಕ್ತಾಗ ಹಾಕಿಸಿರಲ್ಲ, ಏನಾಗೈತಿ ಆಕೀಗೆ? ಓಣ್ಯಾಗ ಆಕೀಷ್ಟು ಶಾಣ್ಯಾ ಯಾರದಾರ?"

ವತ್ಸಲಾಗೆ ಮಗಳು ಅಂಗನವಾಡಿಯಿಂದ ತಂದ ಮಾತು ನೆನಪಾಯಿತು. ಕನಸು ಬೀಳುವುದಿಲ್ಲ ಎನ್ನುವುದು ಒಂದು ರೋಗವೇ?

ಒಲೆಯ ಮುಂದೆ ಶಿವಲೀಲವ್ವನ ಕೈ ನಿಂತಿತ್ತು. "ಎಷ್ಟು ದಿನ ಹಿಂದ ಬಿದ್ದೈತಿ, ವತ್ಸೂ?"

"ಮೂರು ದಿನ."

ತಾಯಿಯ ಹೆಂಚಿನ ಮೇಲೆ ರೊಟ್ಟಿ ಕಪ್ಪಾಗುವುದನ್ನು ವತ್ಸಲಾ ಜೀವಮಾನದಲ್ಲಿ ಮೊದಲ ಸಲ ನೋಡಿದಳು. ಹೊಗೆ ಎದ್ದು ಮುಕ್ತಾ ಕೆಮ್ಮಿದಳು.

"ಅದು ಹಿಂದ ಬಿದ್ದಿಲ್ಲ," ಎಂದಳು ಶಿವಲೀಲವ್ವ. "ನಾನ ಮೂರು ದಿನ ಹಿಂದಿಂದು ಬರಿಸೀನಿ. ಸುವರ್ಣಾ ನನಗ ಖರೇ ತಾರೀಖ ಹೇಳಿದ್ಲು. ಕಾಗದದಾಗ ನಾ ಮೂರು ದಿನ ಸರಿಸಿದೆ."

"ಯಾಕ ಅವ್ವಾ?"

"ಯಾಕಂದ್ರ? ಹೊಟ್ಟಿ ತಾರೀಖ ಯಾರರ ಖರೇ ಹೇಳ್ತಾರೇನು? ನಮ್ಮ ಓಣ್ಯಾಗ ಒಬ್ಬಾಕೀನ ತೋರಸು. ಮೂರು ದಿನ ಹಿಂದಿಂದು ಹೇಳಬೇಕು. ಆ ತಾರೀಖ ಹಿಡದು ಮಂದಿ ಹೆರಿಗಿ ದಿನಾ ಎಣಸ್ತಾರ. ಆ ದಿನ ಬರತೈತಿ, ಎಲ್ಲಾರ ಕಣ್ಣೂ ಬಾಗಲಾಗಿರತಾವ, ಕೂಸು ಇನ್ನೂ ಬಂದಿರಂಗಿಲ್ಲ. ಒಂದು ದಿನಾ ಕಾಯ್ತಾವ, ಎರಡು ದಿನಾ ಕಾಯ್ತಾವ, ಮೂರನೇ ದಿನಕ್ಕ ದಣೀತಾವ. ದಣದ ಕಣ್ಣಿನ ದೃಷ್ಟಿ ಕೂಸಿಗೆ ಹತ್ತಂಗಿಲ್ಲ. ನಮ್ಮತ್ತಿ ನನಗ ಮಾಡಿದ್ಲು, ಅಕೀ ಅತ್ತಿ ಅಕೀಗೆ ಮಾಡಿದ್ಲು."

"ಅದು ಮಂದೀಗೆ ಹೇಳೂದು ಅವ್ವಾ! ಯಂತ್ರಕ್ಕ ಹೇಳೂದೇನು?"

"ಯಂತ್ರಕ್ಕ ಕಣ್ಣಿಲ್ಲೇನು? ನೀನ ಹೇಳ್ತಿದ್ದಿ, ಇಡೀ ದಿನಾ ಕತ್ತಲದಾಗ ಕುಂತು ಕೂಸುಗಳ್ನ ನೋಡೂದು ನನ್ನ ಕೆಲಸಾ ಅಂತ." ಶಿವಲೀಲವ್ವ ಸೆರಗಿನಿಂದ ಹೊಗೆ ಬೀಸಿದಳು. "ಹೊಟ್ಯಾಗಿನ ದೀಪ ಎಣಸೂ ಯಂತ್ರಕ್ಕ, ಮುದುಕೀರು ಸುಳ್ಳು ಹೇಳ್ತಾರ ಅನ್ನೂದು ತಿಳಿಯಂಗಿಲ್ಲಂದ್ರ ಅದೆಂಥಾ ಯಂತ್ರ!"

ವತ್ಸಲಾಳ ಕಣ್ಣೆದುರು ಈ ಊರಿನ ನೀರಿನ ಬಾಟಲಿಗಳು, ಜೋಳದ ಚೀಲಗಳು, ಮಣ್ಣಿನ ಡಬ್ಬಿಗಳು ಒಂದೊಂದಾಗಿ ಹಾದುಹೋದವು. ಅಜ್ಜಿಯಂದಿರು ಬರೆಸಿದ ಇನ್ನೂರ ಹನ್ನೆರಡು ಕಾಗದ, ಇನ್ನೂರ ಹನ್ನೆರಡು ಮೂರು ದಿನ. ಗಡಿಯಾರ ಸರಿ ಇದೆಯೋ ಇಲ್ಲವೋ ನೋಡಲು ಇನ್ನೊಂದು ಗಡಿಯಾರ ಬೇಕು. ಆ ಇನ್ನೊಂದು ಗಡಿಯಾರ ಅಜ್ಜಿಯಂದಿರ ಬಾಯಲ್ಲಿತ್ತು.

"ಅವ್ವಾ," ಎಂದಳು. "ಮುಕ್ತಾ ಹೊಟ್ಯಾಗಿದ್ದಾಗ ನಾ ವಾಂತಿ ಮಾಡಿ ಹಾಸಿಗಿ ಹಿಡದಿದ್ದೆ. ಕಾಗದ ಬರಿಸಿದಾಕಿ ಯಾರು?"

ಶಿವಲೀಲವ್ವ ಸುಟ್ಟ ರೊಟ್ಟಿಯನ್ನು ಉಗುರಿನಿಂದ ಕೆರೆಯುತ್ತ ಕೂತಳು. ಕಪ್ಪು ಪುಡಿ ಅವಳ ಮಡಿಲಿಗೆ ಬೀಳುತ್ತಿತ್ತು.

ಸುವರ್ಣಾ ತಾಟು ಪಕ್ಕಕ್ಕೆ ಸರಿಸಿದಳು. "ನನ್ನ ತಾರೀಖರ ಎಷ್ಟು ಖರೇ ಅಕ್ಕಾರ? ನನಗ ತಿಂಗಳು ಎಂದೂ ಸರಿಯಾಗಿ ಬಂದಿಲ್ಲ. ಅತ್ತಿ ಸರಿಸಿದ್ದೂ ಖರೇ, ಕೂಸು ನಿಧಾನ ಇದ್ದದ್ದೂ ಖರೇ ಆಗಿದ್ರ? ಸೂಜಿ ಬಿಟ್ಟು, ನಾಳೆ ಬೆನ್ನು ತೆರದ ಕೂಸು ಹುಟ್ಟಿದ್ರ ನಾ ಯಾರನ್ನ ಕೇಳಲಿ?" ಅವಳ ಎರಡೂ ಕೈ ಹೊಟ್ಟೆಯ ಮೇಲಿದ್ದವು, ಅಲ್ಲಿ ಇನ್ನೂ ಏನೂ ಕಾಣದಿದ್ದರೂ.

ಸೂಜಿ ಕೊಟ್ಟರೆ ಒಂದು ಭಯ, ಬಿಟ್ಟರೆ ಇನ್ನೊಂದು. ನಡುವೆ ನಾಳೆ ಮಧ್ಯಾಹ್ನ ಎರಡು ಗಂಟೆ.

"ಆಯೀ ಗಡಿಯಾರದ್ದೂ ಹಂಗ," ಎಂದಳು ಮುಕ್ತಾ. ಸ್ಟೂಲಿನ ಮೇಲಿಂದ ಇಳಿದಿರಲೇ ಇಲ್ಲ. ದೊಡ್ಡವರು ಇಷ್ಟು ಹೊತ್ತು ಒಂದೇ ಮಾತಿನಲ್ಲಿ ಯಾಕೆ ಸಿಕ್ಕಿಕೊಂಡಿದ್ದಾರೆ ಎಂಬ ಬೇಸರ ಮುಖದಲ್ಲಿತ್ತು. "ಅದು ಸುಳ್ಳು ಹೇಳತೈತಿ, ಆದ್ರ ಜೋರು ಓಡಂಗಿಲ್ಲ. ನಿನ್ನೆ ಹತ್ತು ನಿಮಿಷ ಮುಂದ, ಇವತ್ತೂ ಹತ್ತ ನಿಮಿಷ ಮುಂದ. ಜೋರು ಓಡಿದ್ರ ಇವತ್ತ ಹನ್ನೊಂದು ಆಗತಿತ್ತು. ಎರಡು ಸಲ ನೋಡಬೇಕವಾ. ಒಂದ ಸಲ ನೋಡಿದ್ರ ಗೊತ್ತಾಗಂಗಿಲ್ಲ."

ವತ್ಸಲಾ ಎದ್ದು ಬಂದು ಮಗಳನ್ನು ಎತ್ತಿಕೊಂಡಳು. ಮುಕ್ತಾ ಕೊಸರಾಡಿದಳು. ಎತ್ತಿಕೊಂಡು ಸುಮ್ಮನೆ ನಿಲ್ಲುವುದು ಅವಳಿಗೆ ಸೇರುತ್ತಿರಲಿಲ್ಲ.

*

ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಶಮೀಮ್ ಇನಾಮದಾರ ಬೆಳಿಗ್ಗೆ ಐದೂಮುಕ್ಕಾಲಿಗೆ ಗಿರಣಿಯ ಹಳೆಯ ತೂಕದ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ವತ್ಸಲಾಳ ಹಿಂದೆ ಸುವರ್ಣಾ, ಅವಳ ಹಿಂದೆ ಅಪರಾಧಿಯಂತೆ ಶಿವಲೀಲವ್ವ. ಮೂವರನ್ನೂ ನೋಡಿ ಲೋಟ ಕೆಳಗಿಟ್ಟರು.

ಎಲ್ಲ ಕೇಳಿದ ಮೇಲೆ ಹೇಳಿದರು: "ವತ್ಸಲಾ, ನಿಮ್ಮ ಮನಿ ಕೇಸು ಅಂತ ಗೊತ್ತಾದ ಕೂಡ್ಲೆ ನೀವು ಇದರಾಗ ಬಾಯಿ ಹಾಕಬಾರದು. ಗೊತ್ತದ ಅಲ್ಲ? ಮತ್ತ ನಿಮ್ಮ ತಾಯಾರು ಹೇಳಿದ್ರು ಅಂತ ನಾ ತಾರೀಖು ತಿದ್ದಿದ್ರ ನಾಳೆ ಅರ್ಧ ಊರು ತಿದ್ದಸ್ಲಿಕ್ಕೆ ಬರ್ತದ. ಸೂಜಿ ಬ್ಯಾಡಂದವರು ಮುಂದ ಮಾಡ್ತಾರ, ಬೇಕಂದವರು ಹಿಂದ ಮಾಡ್ತಾರ."

"ತಿದ್ದಬ್ಯಾಡ್ರಿ ಮೇಡಂ. ಇನ್ನೊಂದು ಸಲ ರಕ್ತ ತಗೋರಿ, ಅಷ್ಟ."

"ಯಾಕ?"

"ನಿನ್ನೆ ಆರಕ್ಕ ತಗೊಂಡ್ರಿ. ಇವತ್ತ ಆರಕ್ಕ ತಗೋರಿ. ಕೂಸು ಖರೇನ ನಿಧಾನ ಇದ್ರ, ನಮ್ಮ ಇಪ್ಪತ್ನಾಕು ತಾಸಿನ್ಯಾಗ ಅದು ಇಪ್ಪತ್ತೊಂದು ತಾಸಿನ ದಾರಿ ನಡದಿರತೈತಿ. ತಾರೀಖಷ್ಟ ಸುಳ್ಳಿದ್ರ, ಇಪ್ಪತ್ನಾಕು ತಾಸೂ ನಡದಿರತೈತಿ. ಹಿಂದ ಇರೂದು ಬ್ಯಾರೆ ಮೇಡಂ, ನಿಧಾನ ನಡಿಯೂದು ಬ್ಯಾರೆ. ಒಂದ ಸಲ ನೋಡಿದ್ರ ಎರಡೂ ಒಂದ ಕಾಣ್ತಾವ. ನಾವು ಯಾವತ್ತೂ ಎರಡನೇ ಸಲ ನೋಡೇ ಇಲ್ಲ."

ಡಾಕ್ಟರು ತಲೆಯೆತ್ತಿ ಗುಡ್ಡದ ಕಡೆ ನೋಡಿದರು. ದೂರದಲ್ಲಿ ಗುಡ್ಡದ ಮೇಲಿನ ಗಾಳಿಯಂತ್ರಗಳು ಬೆಳಗಿನ ಮಂಜಿನಲ್ಲಿ ತಿರುಗುತ್ತಿದ್ದವು, ತಿರುಗುತ್ತಿಲ್ಲವೇನೋ ಅನ್ನುವಷ್ಟು ಮೆಲ್ಲಗೆ.

"ಇಷ್ಟು ಸಸಾರ ಮಾತು ನನಗ್ಯಾಕ ಹೊಳೀಲಿಲ್ಲ?" ಎಂದರು ಕೊನೆಗೆ, ತಮಗೆ ತಾವೇ. "ತಾರೀಖಿನ ಮ್ಯಾಲೆ ಅನುಮಾನ ಬರಲೇ ಇಲ್ಲ ನೋಡ್ರಿ. ತಾಯಿ ಬರದ ಕಾಗದ ಅಂತ. ನಿಮಗ ಯಾರು ಹೇಳಿದ್ರು ಇದನ್ನ?"

"ನನ್ನ ಮಗಳು. ಅಡಗಿಮನಿ ಗಡಿಯಾರ ನೋಡಿ."

"ಸೂಜಿ ಮಗಳು?"

"ಹೂಂ ರೀ. ಸೂಜಿ ಮಗಳು."

ಡಾಕ್ಟರು ಎದ್ದು ಸುವರ್ಣಾಳ ಮುಂದೆ ನಿಂತರು. "ನೋಡವಾ, ಹನ್ನೆರಡಕ್ಕ ಗೊತ್ತಾಗ್ತದ. ಇಪ್ಪತ್ತೊಂದು ಬಂದ್ರ ಆ ನಿಮಿಷಕ್ಕ ಸೂಜಿ, ಇನ್ನೊಂದು ಮಾತಿಲ್ಲ. ಇಪ್ಪತ್ನಾಕು ಬಂದ್ರ ಮನಿಗೆ ಹೋಗು. ಒಪ್ಪಿಗಿ ಅದ?"

ಸುವರ್ಣಾ ಅತ್ತೆಯ ಕಡೆ ನೋಡಿದಳು, ಮತ್ತೆ ವತ್ಸಲಾಳ ಕಡೆ. ಆಮೇಲೆ ಯಾರ ಕಡೆಯೂ ನೋಡದೆ ತೋಳು ಚಾಚಿದಳು.

"ತಾರೀಖು ನಾನ ಬರೀತೀನ್ರಿ," ಎಂದಳು. "ಈ ಸಲ."

*

ಹನ್ನೆರಡಕ್ಕೆ ಬೆಳಕಿನ ಕೋಣೆಯಲ್ಲಿ ಎರಡು ಕುರ್ಚಿಗಳಿದ್ದವು. "ನೋಡೂದು ನಾನು. ನೀವು ಬರೇ ಕೂಡ್ರಿ," ಎಂದಿದ್ದರು ಡಾಕ್ಟರು. ಮೇಲಿನ ಕೋಣೆಯಲ್ಲಿ ಅಂಕಿಗಳನ್ನೇ ನೋಡುತ್ತ ಇಷ್ಟು ವರ್ಷ ಕಳೆದಿದ್ದ ಅವರು ಈ ಹದಿನೆಂಟು ಮೆಟ್ಟಿಲು ಇಳಿದು ಯಾವ ಕಾಲವಾಗಿತ್ತೋ. ಕತ್ತಲೆಗೆ ಕಣ್ಣು ಹೊಂದದೆ ಗೋಡೆ ತಡವುತ್ತ ಬಂದು ಕೂತರು.

ಗೋಡೆಯ ಮೇಲೆ ಮೊದಲು ಏನೂ ಇರಲಿಲ್ಲ. ಆಮೇಲೆ ಎಲೆ ಬಂತು.

ನಿನ್ನೆ ತೆರೆದಿದ್ದ ಅಂಚುಗಳು ಇಂದು ಒಂದರ ಕಡೆಗೊಂದು ಬಾಗಿದ್ದವು. ತುಂಬ ಹತ್ತಿರ. ಕುತ್ತಿಗೆಯಾಗಬೇಕಾದಲ್ಲಿ ಕೂದಲಿನಷ್ಟು ಸಂದು ಮಾತ್ರ ಉಳಿದಿತ್ತು, ಎರಡು ದಂಡೆಗಳು ಮಾತಾಡಿಕೊಳ್ಳುವ ಹಾಗೆ. ತಳದ ನೀಲಿ ಗಟ್ಟಿಯಾಗಿತ್ತು. ಅದರ ಮೇಲೆ ನಿನ್ನೆ ಇರದಿದ್ದ ಒಂದು ತೆಳು ಹಸಿರು ಸಾಲು. ಇನ್ನೂ ಹತ್ತದ ಕಡೆ ಕತ್ತಲೆ ಖಾಲಿಯಾಗಿರಲಿಲ್ಲ. ಬಾಯಿ ಮುಚ್ಚಿಕೊಂಡು ತನ್ನ ಸರದಿ ಕಾಯುತ್ತಿರುವ ಕತ್ತಲೆ ಅದು. ವತ್ಸಲಾ ಉಸಿರು ಹಿಡಿದು ನೋಡಿದಳು. ತಾನೂ ಒಂದ್ಸಲ ಹೀಗೇ ಇದ್ದೆ, ಅವ್ವನ ಕತ್ತಲೆಯಲ್ಲಿ, ಯಾರೂ ನೋಡದೆ. ಅವ್ವ ಅವಳವ್ವನ ಕತ್ತಲೆಯಲ್ಲಿ. ಅಷ್ಟೊಂದು ದೀಪಗಳು ಯಾರೂ ಎಣಿಸದೆ ಹತ್ತಿದ್ದವು. ಹಿಂದಕ್ಕೆ ಹಿಂದಕ್ಕೆ ನೋಡಿದರೆ ಒಂದರ ಒಳಗೊಂದು ಬಾಗಿಲು ತೆರೆದ ಉದ್ದನೆಯ ಮನೆಯ ಹಾಗೆ ಕಂಡಿತು. ಕಟ್ಟಕಡೆಯ ಕೋಣೆಯಲ್ಲೂ ಒಂದು ನೀಲಿ ಚುಕ್ಕೆ.

"ಎಷ್ಟ ಛಂದ ಅದಲ್ರೀ," ಎಂದರು ಡಾಕ್ಟರು. ಮಕ್ಕಳ ಧ್ವನಿ ಬಂದಿತ್ತು ಅವರಿಗೆ.

ಗೋಡೆಯ ಮೂಲೆಯಲ್ಲಿ ಅಂಕಿ ಮೂಡಿತು. ನಿನ್ನೆಯಿಂದ ಇಂದಿಗೆ ನಡೆದ ದಾರಿ: ಇಪ್ಪತ್ಮೂರು ತಾಸು, ಐವತ್ತು ನಿಮಿಷ.

ಯಂತ್ರ ಒಂದು ತಾಸಿನವರೆಗೆ ಅತ್ತಿತ್ತ ತಪ್ಪಬಹುದು. ಹತ್ತು ನಿಮಿಷ ಏನೂ ಅಲ್ಲ. ನಾಲ್ಕುನೂರ ಹದಿನೇಳು ನಿಧಾನವಾಗಿರಲಿಲ್ಲ, ತನ್ನ ಹೊತ್ತಿಗೆ ಸರಿಯಾಗಿ ನಡೆಯುತ್ತಿತ್ತು.

ವತ್ಸಲಾಗೆ ನಗು ಬರಬೇಕಿತ್ತು. ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅವಳ ಕಣ್ಣೊಳಗೆ ಇನ್ನೊಂದು ಗೋಡೆಯಿತ್ತು, ಐದು ವರ್ಷ ಹಿಂದಿನದು. ಅದರ ಮೇಲಿನ ಬೆಳಕನ್ನು ಬೇರೆ ಯಾರೋ ನೋಡಿದ್ದರು. ನೋಡಿ, ಒಂದೇ ಸಲ ನೋಡಿ, ನಿಧಾನ ಎಂದು ಬರೆದಿದ್ದರು.

ಡಾಕ್ಟರು ಮಾತ್ರ ಕತ್ತಲೆಯಲ್ಲೇ ಹೇಳುತ್ತಿದ್ದರು: "ನಮ್ಮಮ್ಮೀನೂ ನಾ ಹುಟ್ಟೂ ದಿನಾ ಯಾರಿಗೂ ಖರೇ ಹೇಳಿರಲಿಲ್ಲಂತ. ನಾ ನಕ್ಕು ಬಿಟ್ಟಿದ್ದೆ. ಅಮ್ಮೀ, ನಿಮ್ಮದೆಲ್ಲಾ ಏನು, ಅಂತ. ಇನ್ನೂರ ಹನ್ನೆರಡು, ವತ್ಸಲಾ. ಅದರಾಗ ಖರೇ ನಿಧಾನ ಇದ್ದವು ಎಷ್ಟು? ಹದಿನೈದು? ಇಪ್ಪತ್ತು?" ಆಮೇಲೆ ಅಂದರು: "ಇವತ್ತಿಂದ ಎರಡು ಸಲ ನೋಡದ ಒಂದೂ ಸೂಜಿ ಇಲ್ಲ. ಅದು ಸುಲಭದ ಮಾತು. ಆದ್ರ ಆ ಮನಿಗಳಿಗೆ ಹೋಗಿ ನಾ ಏನು ಹೇಳಲಿ? ಮಕ್ಕಳು ಓಡ್ಯಾಡ್ತಾವ, ಓದ್ತಾವ. ಏನು ಕಳಕೊಂಡಾವ ಅಂತ ನನಗ ಗೊತ್ತಿಲ್ಲ."

"ನಮ್ಮ ಮನಿಯಿಂದ ಶುರು ಮಾಡೂಣ್ರಿ," ಎಂದಳು ವತ್ಸಲಾ. "ಅಲ್ಲಿ ನಾ ಹೇಳ್ತೀನಿ."

ಮೇಲೆ ಹತ್ತಿ ಬಂದಾಗ ಸುವರ್ಣಾ ಬೆಂಚಿನ ಮೇಲೆ ಅತ್ತೆಯ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಶಿವಲೀಲವ್ವ ಅಲುಗಾಡದೆ ಕೂತಿದ್ದಳು. ವತ್ಸಲಾ ತಲೆಯಾಡಿಸಿದಳು, ಸೂಜಿ ಬೇಡ ಎನ್ನುವ ಹಾಗೆ. ಮುದುಕಿ ಎರಡೂ ಕಣ್ಣು ಒರೆಸಿಕೊಂಡಳು. ಸೊಸೆಯನ್ನು ಮಾತ್ರ ಎಬ್ಬಿಸಲಿಲ್ಲ.

*

ಸಂಜೆ ಮಾಳಿಗೆಯ ಮೇಲೆ ಗಾಳಿ ಬಿಟ್ಟಿತ್ತು. ಕೆಳಗೆ ಓಣಿಯಲ್ಲಿ ಮಗ್ಗದ ಸದ್ದು, ಯಾರದೋ ಮನೆಯ ಒಗ್ಗರಣೆ. ಮುಕ್ತಾ ತೊಟ್ಟಿಯ ಕಟ್ಟೆಯ ಮೇಲೆ ಒಂಟಿಕಾಲಲ್ಲಿ ನಡೆಯುತ್ತಿದ್ದಳು.

"ಎಷ್ಟು ಬಂತವಾ?"

"ಇಪ್ಪತ್ನಾಕು. ಹತ್ತು ನಿಮಿಷ ಕಡಿಮಿ."

"ನಾ ಹೇಳಿದ್ನಿಲ್ಲೋ? ಹಂಗಾದ್ರ ಸುವರ್ಣಾ ಅತ್ತೀಗೆ ಸೂಜಿ ಇಲ್ಲ." ನಾಲ್ಕು ಹೆಜ್ಜೆ ನಡೆದಳು. ಐದನೆಯದಕ್ಕೆ ನಿಂತಳು. ವತ್ಸಲಾಗೆ ಗೊತ್ತಿತ್ತು, ಈ ಹುಡುಗಿಗೆ ಏನನ್ನೂ ಹೇಳಿಕೊಡಬೇಕಾಗಿಲ್ಲ, ಕಾಯುವುದಷ್ಟೆ. "ನನ್ನ ತಾರೀಖನೂ ಆಯೀನ ಬರಿಸಿದ್ಲಾ?"

"ಹೌದು."

"ಅದೂ ಸುಳ್ಳಾ?"

"ಅದೂ ಸುಳ್ಳ. ನೀ ನಿಧಾನ ಇರಲಿಲ್ಲ ಮುಕ್ತಾ. ಸರಿಯಾಗಿ ನಡದಿದ್ದಿ. ನಾವ ಎರಡನೇ ಸಲ ನೋಡಲಿಲ್ಲ. ಅವಸರ ಮಾಡಿ ಸೂಜಿ ಹಾಕಿದ್ವಿ. ನಂದ ತಪ್ಪು."

ಮುಕ್ತಾ ಕಟ್ಟೆಯಿಂದ ಧುಮುಕಿದಳು. ಸಿಟ್ಟು ಬರಲಿಲ್ಲ ಅವಳಿಗೆ, ಅಳುವೂ ಬರಲಿಲ್ಲ. ಹುಬ್ಬು ಗಂಟಿಕ್ಕಿ ಬೆರಳು ಮಡಚಿದಳು. ಒಂದು, ಎರಡು, ಮೂರು.

"ಸೂಜಿ ನನ್ನ ಮೂರು ದಿನಾ ಮುಂದ ಓಡಸ್ತು. ಅಲ್ಲಾ?"

"ಹೂಂ."

"ಹಂಗಾದ್ರ ಆ ಮೂರು ದಿನಾ ನಾ ನಡದಿಲ್ಲ, ಹಾರಿ ಬಂದೀನಿ." ಅವ್ವನ ಮುಖ ನೋಡಿದಳು. "ಅವು ಎಲ್ಲಿ ಅದಾವು?"

ಜೀನು, ಸಂದೇಶ, ಅಳಿಯುವುದು, ವಾಸನೆ. ಯಾವುದೂ ಇದಕ್ಕೆ ಸಾಲುತ್ತಿರಲಿಲ್ಲ. ವತ್ಸಲಾ ಚಾಪೆಯ ಮೇಲೆ ಕೂತು ತೊಡೆ ತಟ್ಟಿದಳು. ಎಂದೂ ಬಾರದ ಹುಡುಗಿ ಬಂದು ತಲೆಯಿಟ್ಟಳು.

"ನನಗ ಗೊತ್ತಿಲ್ಲವಾ. ಹುಡಕೂಣೇನು?"

"ಹೆಂಗ ಹುಡಕೂದು?"

"ಕಣ್ಣು ಮುಚ್ಚು. ಮೊದಲ ಕತ್ತಲಿರತೈತಿ. ಬರೀ ಕತ್ತಲಿ. ತಳದಾಗ ಒಂದು ನೀಲಿ ದೀಪ ಹತ್ತತೈತಿ."

ಮುಕ್ತಾ ಕಣ್ಣು ಮುಚ್ಚಿದಳು. ರೆಪ್ಪೆಗಳು ಅದುರುತ್ತಿದ್ದವು. "ಆಮ್ಯಾಲೆ?" ಎಂದಳು.

"ಆಮ್ಯಾಲೆ ಅದು ಸ್ವಲ್ಪ ಹೊತ್ತು ಹಂಗ ಇರತೈತಿ."

ಕೆಳಗೆ ಅಡುಗೆಮನೆಯಲ್ಲಿ ಸ್ಟೂಲು ಎಳೆದ ಸದ್ದು ಕೇಳಿಸಿತು. ಶಿವಲೀಲವ್ವ ಹತ್ತುತ್ತಿರಬೇಕು, ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಲು. ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಒಂದನ್ನು ನೋಡಿ ಇನ್ನೊಂದು ಹತ್ತತೊಡಗಿದವು. ವತ್ಸಲಾ ಎಣಿಸಲಿಲ್ಲ. ಮಗಳ ರೆಪ್ಪೆಗಳ ಕೆಳಗೆ ಕಣ್ಣುಗುಡ್ಡೆಗಳು, ಕನಸು ಕಾಣುವವರ ಕಣ್ಣಿನ ಹಾಗೆ, ಅತ್ತಿಂದಿತ್ತ ಏನನ್ನೋ ಅರಸುತ್ತ ಮೆಲ್ಲಗೆ ಚಲಿಸುತ್ತಿದ್ದವು. ಎರಡನೆಯ "ಆಮ್ಯಾಲೆ" ಬರುವುದನ್ನು ಕಾಯುತ್ತ ಅವಳು ಬಹಳ ಹೊತ್ತು ಕೂತಿದ್ದಳು. ಅದು ಬರಲಿಲ್ಲ.